ವಿದ್ಯುತ್ ಉಳಿತಾಯದ ಸೆಟ್ಟಿಂಗುಗಳು ಮತ್ತು ಕಂಪ್ಯೂಟರಿನ ವೇಗ: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ದೂರುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆಗಳು ಎರಡು: ರ್‍ಯಾಮ್ ಹೆಚ್ಚಿಸಿ, ಇಲ್ಲವೇ ಪವರ್ ಪ್ಲಾನನ್ನು, ಅಂದರೆ ವಿದ್ಯುತ್ ಬಳಕೆಯ ಸೆಟ್ಟಿಂಗುಗಳ ಗುಂಪನ್ನು, ಹೈ ಪರ್ಫಾರ್ಮೆನ್ಸಿಗೆ ಬದಲಿಸಿ. ಮೊದಲನೆಯದಕ್ಕೆ ಹಣ ಬೇಕು. ಎರಡನೆಯದು ಪುಕ್ಕಟೆಯಾದ್ದರಿಂದ ಹೆಚ್ಚಿನವರು ಹಿಂದುಮುಂದು ನೋಡದೆ ಮಾಡಿಬಿಡುತ್ತಾರೆ, ಆಮೇಲೆ ಫ್ಯಾನಿನ ಸದ್ದು ಜಾಸ್ತಿಯಾಯಿತೇ ಹೊರತು ಕೆಲಸ ಬೇಗ ಆಗಲಿಲ್ಲ ಎಂದು ಮತ್ತೆ ದೂರುತ್ತಾರೆ. ಯಾವ ಸೆಟ್ಟಿಂಗು ವೇಗವನ್ನು ನಿಜವಾಗಿ ಹಿಡಿದಿಡುತ್ತದೆ, ಯಾವುದಕ್ಕೆ ಕೈಹಾಕುವ ಅಗತ್ಯವೇ ಇಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ವಿವರಣೆ ಮುಖ್ಯವಾಗಿ ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದ್ದು. ಮೆನುಗಳ ಹೆಸರುಗಳನ್ನು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಾಣುವ ಹಾಗೆಯೇ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ.

ವಿದ್ಯುತ್ ಉಳಿಸಿದರೆ ವೇಗ ಏಕೆ ತಗ್ಗುತ್ತದೆ?

ಪ್ರೊಸೆಸರ್ ಕೆಲಸ ಮಾಡುವಾಗ ಬಳಸುವ ವಿದ್ಯುತ್ತು ಅದರ ಗಡಿಯಾರದ ವೇಗಕ್ಕೆ (ಗಿಗಾಹರ್ಟ್ಸಿನಲ್ಲಿ ಹೇಳುವ ಕ್ಲಾಕ್ ಸ್ಪೀಡಿಗೆ) ಅನುಗುಣವಾಗಿಯೂ, ಅದಕ್ಕೆ ಕೊಡುವ ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್‌ಗೆ) ಅನುಗುಣವಾಗಿಯೂ ಏರುತ್ತದೆ. ಹೆಚ್ಚು ವೇಗ ಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ ಎಂಬುದೇ ಇಡೀ ಲೆಕ್ಕದ ಮರ್ಮ. ವೇಗ ಮತ್ತು ವೋಲ್ಟೇಜ್ ಎರಡನ್ನೂ ಶೇಕಡಾ 20ರಷ್ಟು ಇಳಿಸಿದರೆ, 0.8ನ್ನು ಮೂರು ಬಾರಿ ಗುಣಿಸಿ ನೋಡಿ, ಈ ಬಾಬ್ತಿನ ಖರ್ಚು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಐದರಲ್ಲಿ ಒಂದು ಪಾಲು ವೇಗವನ್ನು ಬಿಟ್ಟುಕೊಟ್ಟು ಅರ್ಧ ಖರ್ಚನ್ನು ಉಳಿಸುವ ಈ ವ್ಯಾಪಾರ ಬ್ಯಾಟರಿಯ ಮೇಲೆ ಓಡುವ ಯಂತ್ರಕ್ಕೆ ಲಾಭದ್ದೇ. ಇಂಟೆಲ್ ಕಂಪನಿ 2000ದಲ್ಲಿ ಲ್ಯಾಪ್‌ಟಾಪಿನ ಪೆಂಟಿಯಂ 3 ಪ್ರೊಸೆಸರುಗಳಿಗೆ ತಂದ ಸ್ಪೀಡ್‌ಸ್ಟೆಪ್ ಇದೇ ತತ್ತ್ವದ ಮೇಲೆ ನಿಂತಿತ್ತು. 1996ರ ಕೊನೆಯಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸೇರಿ ರೂಪಿಸಿದ ಎಸಿಪಿಐ ಎಂಬ ಮಾನದಂಡ, ಯಾವ ಭಾಗ ಯಾವಾಗ ನಿದ್ರಿಸಬೇಕು ಎಂಬ ತೀರ್ಮಾನವನ್ನು ಆಪರೇಟಿಂಗ್ ಸಿಸ್ಟಮ್ಮಿನ ಕೈಗೆ ಒಪ್ಪಿಸಿತು; ಇಂದು ನಾವು ಬದಲಿಸುವ ಬಹುಪಾಲು ಸೆಟ್ಟಿಂಗುಗಳ ಹಿಂದೆ ಈ ಮಾನದಂಡವೇ ಇದೆ.

ಆದರೆ ಈಗಿನ ಪ್ರೊಸೆಸರುಗಳು ಕ್ಷಣಾರ್ಧದಲ್ಲಿ ವೇಗ ಏರಿಸಿ, ಕೆಲಸ ಮುಗಿಸಿ, ಮತ್ತೆ ಮಲಗಿಬಿಡುತ್ತವೆ. ಆದ್ದರಿಂದ ಪತ್ರ ಬರೆಯುವಾಗಲೋ ಪುಟ ಓದುವಾಗಲೋ ವೇಗದ ಅಂಕಿ ಕೆಳಗಿರುವುದು ದೋಷವಲ್ಲ. ಕೆಲಸ ಬಂದಾಗಲೂ ಅದು ಮೇಲೇರದಿದ್ದರೆ ಮಾತ್ರ ದೋಷ.

ನನ್ನ ಕಂಪ್ಯೂಟರ್ ನಿಧಾನವಾಗಿರುವುದಕ್ಕೆ ಈ ಸೆಟ್ಟಿಂಗುಗಳೇ ಕಾರಣ ಎಂದು ತಿಳಿಯುವುದು ಹೇಗೆ?

ಏನನ್ನೂ ಬದಲಿಸುವ ಮೊದಲು ಐದು ನಿಮಿಷ ಇದಕ್ಕೆ ಕೊಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿಗೆ ಹೋಗಿ ಸಿಪಿಯು ಆರಿಸಿದರೆ ಗ್ರಾಫಿನ ಕೆಳಗೆ ಸ್ಪೀಡ್ ಎಂಬ ದೊಡ್ಡ ಅಂಕಿಯೂ, ಪಕ್ಕದಲ್ಲಿ ಬೇಸ್ ಸ್ಪೀಡ್ (ತಯಾರಕರು ನಿಗದಿಪಡಿಸಿದ ಮೂಲ ವೇಗ) ಎಂಬ ಸಣ್ಣ ಅಂಕಿಯೂ ಕಾಣುತ್ತವೆ. ಈಗ ಯಂತ್ರಕ್ಕೆ ನಿಜವಾದ ಕೆಲಸ ಕೊಡಿ: ದೊಡ್ಡ ಫೋಲ್ಡರೊಂದನ್ನು ಜಿಪ್ ಮಾಡಿ, ಅಥವಾ ನಿಮಗೆ ತೊಂದರೆ ಕೊಡುತ್ತಿರುವ ಕೆಲಸವನ್ನೇ ಮಾಡಿಸಿ, ಆಗ ಆ ಎರಡು ಅಂಕಿಗಳನ್ನು ಹೋಲಿಸಿ.

ಬಳಕೆ ಶೇಕಡಾ 90ನ್ನು ದಾಟಿದ್ದು ಸ್ಪೀಡ್ ಮಾತ್ರ ಬೇಸ್ ಸ್ಪೀಡಿಗಿಂತ ಬಹಳ ಕೆಳಗೇ ಉಳಿದರೆ ಪ್ರೊಸೆಸರನ್ನು ಯಾರೋ ಹಿಡಿದಿಟ್ಟಿದ್ದಾರೆ ಎಂದರ್ಥ. ಅದು ವಿದ್ಯುತ್ ಸೆಟ್ಟಿಂಗು ಇರಬಹುದು, ಬಿಸಿ ಇರಬಹುದು, ಚಾರ್ಜರೂ ಇರಬಹುದು. ಸ್ಪೀಡ್ ಚೆನ್ನಾಗಿ ಮೇಲೇರಿದ್ದರೂ ಕೆಲಸ ಸಾಗದಿದ್ದರೆ ಪವರ್ ಪ್ಲಾನ್ ಬದಲಿಸುವುದರಿಂದ ಕವಡೆಕಾಸಿನ ಪ್ರಯೋಜನವೂ ಇಲ್ಲ. ಆಗ ಅದೇ ಕಿಟಕಿಯಲ್ಲಿ ಮೆಮೊರಿ ಮತ್ತು ಡಿಸ್ಕ್ ಎಂಬವುಗಳನ್ನು ನೋಡಬೇಕು. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಡಿಸ್ಕ್ ಶೇಕಡಾ 100 ತೋರಿಸುತ್ತಾ ಪ್ರೊಸೆಸರ್ ಸುಮ್ಮನೆ ಕಾಯುತ್ತಾ ಕೂತಿರುವುದು ದಿನನಿತ್ಯದ ದೃಶ್ಯ. ಅಂಥ ಯಂತ್ರಕ್ಕೆ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್, ಹಾಕಿಸುವುದೇ ಪರಿಹಾರ.

ವೇಗ 1 ಗಿಗಾಹರ್ಟ್ಸಿಗಿಂತ ಕೆಳಗೆ ಅಂಟಿಕೊಂಡಿದೆ, ಯಾವ ಪ್ಲಾನ್ ಹಾಕಿದರೂ ಏರುವುದಿಲ್ಲ. ಏನು ಮಾಡಬೇಕು?

ಮೊದಲು ಚಾರ್ಜರನ್ನು ಕಿತ್ತು ನೋಡಿ. ಇದು ತಮಾಷೆಯ ಮಾತಲ್ಲ. ನನ್ನ ಅಕ್ಕನ ಮಗಳ ಲ್ಯಾಪ್‌ಟಾಪ್ ಒಂದು ವಾರ ಆಮೆಯಂತೆ ತೆವಳುತ್ತಿತ್ತು. ಬ್ರೌಸರಿನಲ್ಲಿ ಅಕ್ಷರ ಒತ್ತಿದರೆ ಎರಡು ಸೆಕೆಂಡು ಬಿಟ್ಟು ಮೂಡುತ್ತಿತ್ತು. ರಿಪೇರಿ ಅಂಗಡಿಯೊಂದರಲ್ಲಿ ವಿಂಡೋಸನ್ನು ಎರಡು ಸಲ ಹೊಸದಾಗಿ ಹಾಕಿಕೊಟ್ಟಿದ್ದರು, ಗುಣ ಕಂಡಿರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದಾಗ ಸ್ಪೀಡ್ 0.39 ಗಿಗಾಹರ್ಟ್ಸ್ ಎಂದು ಕಲ್ಲಿನಂತೆ ನಿಂತಿತ್ತು. ಚಾರ್ಜರಿನ ಪಿನ್ನನ್ನು ಹೊರಗೆಳೆದ ಒಂದೆರಡು ಸೆಕೆಂಡಿನಲ್ಲಿ ಅಂಕಿ 2.7ಕ್ಕೆ ಹಾರಿತು, ಮತ್ತೆ ಸಿಕ್ಕಿಸಿದರೆ ಮತ್ತೆ 0.39. ಚಾರ್ಜರಿನ ಬೆನ್ನ ಮೇಲಿನ ಚೀಟಿಯಲ್ಲಿ 45 ವ್ಯಾಟ್ ಎಂದಿತ್ತು, ಯಂತ್ರಕ್ಕೆ ಬೇಕಿದ್ದುದು 65. ಹಾಸ್ಟೆಲಿನಲ್ಲಿ ಯಾರದೋ ಚಾರ್ಜರ್ ಅದಲುಬದಲಾಗಿತ್ತು, ಅಷ್ಟೇ.

ಇದರ ಕಾರಣ ಹೀಗಿದೆ. ಚಾರ್ಜರ್ ಸಾಕಷ್ಟು ಶಕ್ತಿ ಕೊಡಬಲ್ಲದು ಎಂದು ಖಾತ್ರಿಯಾಗದಿದ್ದರೆ ಮದರ್‌ಬೋರ್ಡು ಪ್ರೊಸೆಸರಿಗೆ ನಿಧಾನಿಸು ಎಂಬ ಸಂಕೇತ ಕಳಿಸುತ್ತದೆ, ಆ ಸಂಕೇತದ ಮುಂದೆ ವಿಂಡೋಸಿನ ಯಾವ ಪ್ಲಾನಿನ ಮಾತೂ ನಡೆಯುವುದಿಲ್ಲ. ಕೆಲವು ಬ್ರಾಂಡುಗಳ ಚಾರ್ಜರ್ ಜಾಕಿನ ನಡುವೆ ಕಡ್ಡಿಯಂಥ ತೆಳು ಪಿನ್ನೊಂದು ಇರುತ್ತದೆ. ಚಾರ್ಜರಿನ ಗುರುತನ್ನು ಯಂತ್ರಕ್ಕೆ ತಿಳಿಸುವುದು ಅದರ ಕೆಲಸ. ಅದು ಬಾಗಿದರೆ ಅಥವಾ ಮುರಿದರೆ ಅಸಲಿ ಚಾರ್ಜರೂ ನಕಲಿಯಂತೆ ಕಾಣುತ್ತದೆ. ಬ್ಯಾಟರಿ ಕೆಟ್ಟಾಗ ಮತ್ತು ಬಿಸಿ ಅಳೆಯುವ ಸಂವೇದಕ ಕೆಟ್ಟಾಗಲೂ ಇದೇ ಲಕ್ಷಣ ಕಾಣಬಹುದು. ಈ ಸಂಕೇತವನ್ನು ನಿರ್ಲಕ್ಷಿಸುವಂತೆ ಮಾಡುವ ತಂತ್ರಾಂಶಗಳು ಇವೆ. ಆದರೆ ಕಾರಣ ಗೊತ್ತಾಗುವ ಮೊದಲು ಅವನ್ನು ಬಳಸುವುದು ಹೊಗೆಯ ಎಚ್ಚರಿಕೆಗಂಟೆಯ ತಂತಿ ಕತ್ತರಿಸಿದ ಹಾಗೆ.

ಪವರ್ ಪ್ಲಾನ್ ಮತ್ತು ಪವರ್ ಮೋಡ್ ಎರಡೂ ಒಂದೇ ಅಲ್ಲವೇ?

ಅಲ್ಲ, ಗೊಂದಲ ಹುಟ್ಟುವುದು ಇಲ್ಲಿಯೇ. ಪವರ್ ಪ್ಲಾನ್ ಹಳೆಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ಎಂಬ ಪುಟದಲ್ಲಿದೆ. ಬ್ಯಾಲೆನ್ಸ್ಡ್, ಪವರ್ ಸೇವರ್, ಹೈ ಪರ್ಫಾರ್ಮೆನ್ಸ್ ಎಂಬ ಮೂರು ಹೆಸರುಗಳು ಅಲ್ಲಿಯವು. ಪವರ್ ಮೋಡ್ ಹೊಸ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಎಂಬುದರ ಕೆಳಗೆ ಪವರ್ (ಲ್ಯಾಪ್‌ಟಾಪಿನಲ್ಲಿ ಪವರ್ & ಬ್ಯಾಟರಿ) ಎಂಬ ಪುಟದಲ್ಲಿದೆ. ಅದು ಬ್ಯಾಲೆನ್ಸ್ಡ್ ಪ್ಲಾನಿನ ಮೇಲೆ ಹೊದಿಸಿದ ಒಂದು ಪದರ ಮಾತ್ರ. ಆದ್ದರಿಂದಲೇ ಹೈ ಪರ್ಫಾರ್ಮೆನ್ಸ್ ಪ್ಲಾನ್ ಆರಿಸಿಕೊಂಡವರಿಗೆ ವಿಂಡೋಸ್ 11ರ ಪವರ್ ಮೋಡ್ ಬದಲಿಸಲು ಬರುವುದಿಲ್ಲ, ಅವರು ಅದನ್ನು ಕೆಟ್ಟಿದೆ ಎಂದುಕೊಳ್ಳುತ್ತಾರೆ. ಮತ್ತೆ ಬ್ಯಾಲೆನ್ಸ್ಡ್‌ಗೆ ಮರಳಿದರೆ ಸರಿಹೋಗುತ್ತದೆ. ಮುಚ್ಚಿದ ಕೂಡಲೇ ಫೋನಿನಂತೆ ಮಲಗುವ ಹೊಸ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಬ್ಯಾಲೆನ್ಸ್ಡ್ ಒಂದೇ ಕಾಣುತ್ತದೆ. ಉಳಿದ ಪ್ಲಾನುಗಳು ಕಳೆದುಹೋಗಿವೆ ಎಂದು ಗಾಬರಿಯಾಗಬೇಕಿಲ್ಲ, ಅಂಥವುಗಳಲ್ಲಿ ಪವರ್ ಮೋಡನ್ನು ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಟ್ಟರೆ ಸಾಕು.

ವಿಂಡೋಸ್ 10ರಲ್ಲಿ ಗಡಿಯಾರದ ಪಕ್ಕದ ಬ್ಯಾಟರಿ ಚಿತ್ರವನ್ನು ಒತ್ತಿದಾಗ ಎಡಕ್ಕೂ ಬಲಕ್ಕೂ ಸರಿಸುವ ಪಟ್ಟಿಯೇ ಪವರ್ ಮೋಡ್. ಆ ಆವೃತ್ತಿಗೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರೂ ನಮ್ಮ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಅದಿನ್ನೂ ಓಡುತ್ತಿದೆ.

ಹೈ ಪರ್ಫಾರ್ಮೆನ್ಸನ್ನೇ ಯಾವಾಗಲೂ ಇಟ್ಟುಕೊಂಡರೆ ತಪ್ಪೇನು?

ಸದಾ ಪ್ಲಗ್ಗಿನಲ್ಲಿರುವ, ಗಾಳಿಯಾಡುವ ಡೆಸ್ಕ್‌ಟಾಪಿನಲ್ಲಿ ದೊಡ್ಡ ತಪ್ಪೇನೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಮಾತ್ರ ಅದು ತಿರುಗುಬಾಣವಾಗಬಲ್ಲದು. ತೆಳು ಮೈಯ ಯಂತ್ರದಲ್ಲಿ ಪ್ರೊಸೆಸರನ್ನು ಸದಾ ಉನ್ನತ ವೇಗದಲ್ಲಿ ಇಟ್ಟರೆ ಒಳಗಿನ ಬಿಸಿ ಏರುತ್ತಾ ಹೋಗಿ, ಒಂದು ಮಿತಿ ದಾಟಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನಾಗಿಯೇ ವೇಗ ಇಳಿಸುತ್ತದೆ; ನಿಜವಾದ ಕೆಲಸ ಬಂದ ಹೊತ್ತಿಗೆ ಏರಲು ಜಾಗವೇ ಉಳಿದಿರುವುದಿಲ್ಲ. ಮೇ ತಿಂಗಳಲ್ಲಿ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಿಡಿಯೋ ಸಂಕಲನ, ಮೂರು ಆಯಾಮದ ಚಿತ್ರಗಳ ರೆಂಡರಿಂಗ್, ಆಟ, ಧ್ವನಿಮುದ್ರಣ ಇಂಥವುಗಳಿಗೆ ಕೂರುವ ಮುನ್ನ ಬದಲಿಸಿ, ಮುಗಿದ ಮೇಲೆ ಹಿಂದಕ್ಕೆ ತರುವುದು ಒಳ್ಳೆಯ ಅಭ್ಯಾಸ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೂ ನುಡಿಯಲ್ಲಿ ಪುಟ ಟೈಪು ಮಾಡುವವರಿಗೂ ಬ್ಯಾಲೆನ್ಸ್ಡ್‌ಗಿಂತ ಬೇರೇನೂ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 2018ರಲ್ಲಿ ವರ್ಕ್‌ಸ್ಟೇಷನ್‌ಗಳಿಗೆಂದು ಬಂದ ಅಲ್ಟಿಮೇಟ್ ಪರ್ಫಾರ್ಮೆನ್ಸ್ ಎಂಬ ಪ್ಲಾನನ್ನು ಸಾಧಾರಣ ಲ್ಯಾಪ್‌ಟಾಪುಗಳಿಗೆ ತುರುಕುವ ವಿಡಿಯೋಗಳು ಬೇಕಾದಷ್ಟು ಸಿಗುತ್ತವೆ. ಅದರ ಹೆಸರಿನಲ್ಲಿರುವಷ್ಟು ಅಬ್ಬರ ಫಲಿತಾಂಶದಲ್ಲಿ ಇರುವುದಿಲ್ಲ.

ಮಿನಿಮಮ್ ಮತ್ತು ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂದರೇನು? ಎಷ್ಟಿಡಬೇಕು?

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪ್ಲಾನಿನ ಪಕ್ಕದ ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಅಲ್ಲಿಂದ ಚೇಂಜ್ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್ ಒತ್ತಿದರೆ ಒಂದು ಸಣ್ಣ ಕಿಟಕಿ ತೆರೆಯುತ್ತದೆ. ಅದರಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಎಂಬುದನ್ನು ಬಿಡಿಸಿದರೆ ಈ ಎರಡು ಅಂಕಿಗಳು ಸಿಗುತ್ತವೆ. ಕೆಲವು ಹೊಸ ಯಂತ್ರಗಳಲ್ಲಿ ಇವನ್ನು ಮರೆಮಾಡಿರುತ್ತಾರೆ. ಮಿನಿಮಮ್ ಎಂಬುದು ಕೆಲಸವಿಲ್ಲದಾಗ ಎಷ್ಟು ಕೆಳಗಿಳಿಯಬಹುದು ಎಂಬ ಮಿತಿ. ಬ್ಯಾಲೆನ್ಸ್ಡ್‌ನಲ್ಲಿ ಅದು ಸಾಮಾನ್ಯವಾಗಿ ಶೇಕಡಾ 5 ಇರುತ್ತದೆ, ಹಾಗೆಯೇ ಇರಲಿ. ಮ್ಯಾಕ್ಸಿಮಮ್ ಎಂಬುದು ಮೇಲಿನ ಮಿತಿ. ಇದು 100 ಇರಬೇಕು. ಹಿಂದೆ ಯಾರೋ ಬ್ಯಾಟರಿ ಉಳಿಸಲೆಂದು 50ಕ್ಕೆ ಇಳಿಸಿ ಮರೆತುಬಿಟ್ಟಿರುವ ಯಂತ್ರಗಳು ಸಿಗುತ್ತವೆ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡವರು ಇದನ್ನು ಮರೆಯದೆ ನೋಡಬೇಕು.

ಈ ಅಂಕಿಯನ್ನು 100ರಿಂದ 99ಕ್ಕೆ ಇಳಿಸಿದರೆ ಒಂದು ಪಾಲು ವೇಗ ಮಾತ್ರ ಕಡಿಮೆಯಾಗುತ್ತದೆ ಎಂದು ತೋರುತ್ತದೆ. ವಾಸ್ತವದಲ್ಲಿ ಅನೇಕ ಇಂಟೆಲ್ ಪ್ರೊಸೆಸರುಗಳಲ್ಲಿ ಹಾಗೆ ಮಾಡಿದಾಗ, ಅಗತ್ಯ ಬಿದ್ದಾಗ ಬೇಸ್ ಸ್ಪೀಡಿಗಿಂತ ಮೇಲಕ್ಕೆ ಓಡಿಸುವ ಟರ್ಬೋ ಬೂಸ್ಟ್ ಪೂರ್ತಿ ನಿಂತುಹೋಗಿ ವೇಗ ಬೇಸ್ ಸ್ಪೀಡಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಬೇಸ್ ಸ್ಪೀಡ್ 1.6 ಇದ್ದು ಟರ್ಬೋದಲ್ಲಿ 4ರ ಹತ್ತಿರ ಓಡುವ ಯಂತ್ರಕ್ಕೆ ಇದು ಅರ್ಧಕ್ಕಿಂತ ಹೆಚ್ಚಿನ ನಷ್ಟ. ಆದರೆ ಬೇಕೆಂದೇ ಇದನ್ನು ಬಳಸುವುದೂ ಉಂಟು: ಬಿಸಿಯಾಗಿ ಫ್ಯಾನ್ ಕಿರುಚುವ ಲ್ಯಾಪ್‌ಟಾಪಿನಲ್ಲಿ ಆನ್‌ಲೈನ್ ತರಗತಿ ನಡೆಸುವಾಗ 99 ಇಟ್ಟರೆ ಸದ್ದು ಅಡಗುತ್ತದೆ, ಪಾಠಕ್ಕೆ ಏನೂ ತೊಂದರೆಯಾಗುವುದಿಲ್ಲ. ಅದೇ ಪಟ್ಟಿಯ ಸಿಸ್ಟಮ್ ಕೂಲಿಂಗ್ ಪಾಲಿಸಿಯನ್ನು ಆ್ಯಕ್ಟಿವ್ ಎಂದಿಟ್ಟರೆ ಬಿಸಿಯೇರಿದಾಗ ಮೊದಲು ಫ್ಯಾನ್ ಜೋರಾಗುತ್ತದೆ. ಪ್ಯಾಸಿವ್ ಎಂದಿಟ್ಟರೆ ಮೊದಲು ಪ್ರೊಸೆಸರ್ ನಿಧಾನವಾಗುತ್ತದೆ. ಚಾರ್ಜರಿನಲ್ಲಿರುವಾಗ ಆ್ಯಕ್ಟಿವ್ ಇರುವುದು ಸೂಕ್ತ.

ಚಾರ್ಜರ್ ತೆಗೆದ ಕೂಡಲೇ ನಿಧಾನವಾಗುತ್ತದೆ. ಇದು ಸಹಜವೇ?

ಸ್ವಲ್ಪ ಮಟ್ಟಿಗೆ ಸಹಜ. ಬಹುತೇಕ ಸೆಟ್ಟಿಂಗುಗಳಿಗೆ ಆನ್ ಬ್ಯಾಟರಿ ಮತ್ತು ಪ್ಲಗ್ಡ್ ಇನ್ ಎಂಬ ಎರಡು ಪ್ರತ್ಯೇಕ ಆಯ್ಕೆಗಳಿರುತ್ತವೆ. ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುವುದು ಸಾಮಾನ್ಯ ತಪ್ಪು. ಬ್ಯಾಟರಿ ಶೇಕಡಾ 20ಕ್ಕೋ ಅದರ ಸುತ್ತಮುತ್ತಲಿನ ಅಂಕಿಗೋ ಇಳಿದಾಗ ಬ್ಯಾಟರಿ ಸೇವರ್, ಹೊಸ ವಿಂಡೋಸ್ 11ರಲ್ಲಿ ಎನರ್ಜಿ ಸೇವರ್, ತಾನಾಗಿಯೇ ಚಾಲೂ ಆಗಿ ಪರದೆಯ ಬೆಳಕನ್ನೂ ಹಿನ್ನೆಲೆಯ ಕೆಲಸಗಳನ್ನೂ ತಗ್ಗಿಸುತ್ತದೆ. ಕ್ರೋಮ್ ಮತ್ತು ಎಡ್ಜ್ ಬ್ರೌಸರುಗಳಿಗೂ ತಮ್ಮದೇ ಉಳಿತಾಯದ ಸೆಟ್ಟಿಂಗುಗಳಿವೆ; ವಿಡಿಯೋ ತಡವರಿಸುತ್ತಿದ್ದರೆ ವಿಂಡೋಸಿನ ಜೊತೆಗೆ ಅವನ್ನೂ ನೋಡಿ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪುಗಳು ಎಷ್ಟೇ ಸೆಟ್ಟಿಂಗು ಬದಲಿಸಿದರೂ ಬ್ಯಾಟರಿಯ ಮೇಲೆ ಪೂರ್ತಿ ವೇಗದಲ್ಲಿ ಓಡುವುದಿಲ್ಲ, ಏಕೆಂದರೆ ಕಾರ್ಡು ಕೇಳುವಷ್ಟು ವ್ಯಾಟನ್ನು ಬ್ಯಾಟರಿ ಒಮ್ಮೆಲೇ ಕೊಡಲಾರದು. ಬ್ಯಾಟರಿಯೇ ಸೋತಿದೆಯೇ ಎಂದು ತಿಳಿಯಲು ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ (/) ಹಾಕಿ, ಬ್ಯಾಟರಿರಿಪೋರ್ಟ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಪದವಾಗಿ ಸೇರಿಸಿ ಎಂಟರ್ ಒತ್ತಿ. ಇದರ ಮೊದಲ ಪದದಲ್ಲಿ ಪವರ್ ಎಂಬುದರ ಮುಂದೆ ಸಿ, ಎಫ್, ಜಿ ಎಂಬ ಮೂರು ಅಕ್ಷರಗಳು ಬರುತ್ತವೆ. ತಯಾರಾಗುವ ವರದಿಯಲ್ಲಿ ಡಿಸೈನ್ ಕೆಪ್ಯಾಸಿಟಿ ಮತ್ತು ಫುಲ್ ಚಾರ್ಜ್ ಕೆಪ್ಯಾಸಿಟಿ ಎಂಬೆರಡು ಸಂಖ್ಯೆಗಳನ್ನು ಹೋಲಿಸಿದರೆ ಬ್ಯಾಟರಿಯ ಆಯುಸ್ಸು ಎಷ್ಟು ಸವೆದಿದೆ ಎಂಬುದು ತಿಳಿಯುತ್ತದೆ.

ವೈಫೈ ಆಗಾಗ ಕಡಿದುಹೋಗುತ್ತದೆ, ಮೌಸ್ ಒಂದು ಕ್ಷಣ ಸ್ಪಂದಿಸುವುದಿಲ್ಲ. ಇದಕ್ಕೂ ವಿದ್ಯುತ್ ಉಳಿತಾಯಕ್ಕೂ ಸಂಬಂಧವಿದೆಯೇ?

ಇರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರಿನ ಪ್ರಾಪರ್ಟೀಸ್ ತೆರೆದು ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಅರ್ಥದ ಸಾಲಿನ ಮುಂದಿನ ಗುರುತನ್ನು ತೆಗೆಯಿರಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಟೈಪಿಸಿದಾಗ ಮೊದಲ ಅಕ್ಷರ ನುಂಗಿಹೋಗುತ್ತಿದ್ದರೆ ಅಡ್ವಾನ್ಸ್ಡ್ ಕಿಟಕಿಯಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ಡಿಸೇಬಲ್ ಮಾಡಿ ನೋಡಿ. ತಿರುಗುವ ಹಾರ್ಡ್ ಡಿಸ್ಕ್ ಇದ್ದು, ಫೈಲ್ ತೆರೆಯುವಾಗ ಗುರ್ ಎಂಬ ಸದ್ದಿನೊಂದಿಗೆ ಕೆಲವು ಸೆಕೆಂಡು ತಡವಾದರೆ ಹಾರ್ಡ್ ಡಿಸ್ಕ್ ಆಫ್ ಆಗುವ ಅವಧಿಯನ್ನು ಹೆಚ್ಚಿಸಿ. ಇವುಗಳಿಂದ ಹೆಚ್ಚುವ ವಿದ್ಯುತ್ ಖರ್ಚು ಬಹಳ ಅಲ್ಪ.

ದಿನವೂ ಶಟ್ ಡೌನ್ ಮಾಡುತ್ತೇನೆ, ಆದರೂ ನಿಧಾನ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಏಕೆ?

ಫಾಸ್ಟ್ ಸ್ಟಾರ್ಟಪ್ ಚಾಲೂ ಇರುವಾಗ ಶಟ್ ಡೌನ್ ಎಂಬುದು ಪೂರ್ತಿ ಶಟ್ ಡೌನ್ ಅಲ್ಲ. 2012ರಲ್ಲಿ ವಿಂಡೋಸ್ 8ರ ಜೊತೆ ಬಂದ ಈ ಸೌಲಭ್ಯ ನಿಮ್ಮ ಕಾರ್ಯಕ್ರಮಗಳನ್ನು ಮುಚ್ಚುತ್ತದೆ, ಆದರೆ ವಿಂಡೋಸಿನ ತಿರುಳನ್ನೂ ಡ್ರೈವರುಗಳನ್ನೂ ಡಿಸ್ಕಿನಲ್ಲಿ ಬರೆದಿಟ್ಟು ಮರುದಿನ ಅಲ್ಲಿಂದಲೇ ಎಬ್ಬಿಸುತ್ತದೆ. ಡ್ರೈವರಿನಲ್ಲಿ ಸೇರಿಕೊಂಡ ಎಡವಟ್ಟೂ ಹಾಗೆಯೇ ಎದ್ದು ಬರುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಅಪ್ ಟೈಮ್ ಎಂಬಲ್ಲಿ, ನಿನ್ನೆ ರಾತ್ರಿ ಆರಿಸಿದ ಯಂತ್ರ 12 ದಿನಗಳಿಂದ ಎಚ್ಚರವಿದೆ ಎಂದು ತೋರಿಸುವುದು ಇದೇ ಕಾರಣಕ್ಕೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಫಾಸ್ಟ್ ಸ್ಟಾರ್ಟಪ್ ಉಳಿಸುವ ಸಮಯ ಕೆಲವೇ ಸೆಕೆಂಡು; ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್‌ಗಳ ಪುಟಕ್ಕೆ ಹೋಗಿ ಅದನ್ನು ತೆಗೆದುಹಾಕಬಹುದು.

ನನ್ನದು ಡೆಸ್ಕ್‌ಟಾಪ್, ಆದರೂ ಬ್ಯಾಟರಿ ಚಿತ್ರ ಕಾಣುತ್ತಿದೆ. ಇದೇನು?

ನಿಮ್ಮ ಯುಪಿಎಸ್ ಯುಎಸ್‌ಬಿ ತಂತಿಯ ಮೂಲಕ ಕಂಪ್ಯೂಟರಿಗೆ ಸೇರಿದೆ. ವಿಂಡೋಸ್ ಅದನ್ನು ಬ್ಯಾಟರಿಯೆಂದೇ ಪರಿಗಣಿಸುವುದರಿಂದ ಕರೆಂಟು ಹೋದ ಕ್ಷಣದಲ್ಲಿ ಆನ್ ಬ್ಯಾಟರಿ ಸೆಟ್ಟಿಂಗುಗಳು ಜಾರಿಗೆ ಬಂದು ಯಂತ್ರ ನಿಧಾನವಾಗಬಹುದು, ಪರದೆ ಬೇಗ ಆರಬಹುದು. ಇದನ್ನು ಕೆಡುಕೆಂದು ಭಾವಿಸುವ ಬದಲು ಉಪಯೋಗಿಸಿಕೊಳ್ಳುವುದು ಜಾಣತನ. ಸಂಜೆ ಹೊತ್ತು ಹೋದ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದ ಊರುಗಳಲ್ಲಿ, ಯುಪಿಎಸ್ ಕೊಡುವ ಹತ್ತೋ ಹದಿನೈದೋ ನಿಮಿಷವನ್ನು ಕೆಲಸ ಉಳಿಸಲು ಬಳಸಬೇಕು; ಕ್ರಿಟಿಕಲ್ ಬ್ಯಾಟರಿ ಆ್ಯಕ್ಷನ್ ಎಂಬಲ್ಲಿ ಹೈಬರ್ನೇಟ್ ಆರಿಸಿದರೆ ನೀವು ಮನೆಯಲ್ಲಿಲ್ಲದಿದ್ದರೂ ತೆರೆದ ಫೈಲುಗಳು ಡಿಸ್ಕಿಗೆ ಸೇರಿ ಯಂತ್ರ ಕ್ಷೇಮವಾಗಿ ಆರುತ್ತದೆ.

ಈ ಸೆಟ್ಟಿಂಗುಗಳಿಂದ ಕರೆಂಟ್ ಬಿಲ್ಲಿನಲ್ಲಿ ಎಷ್ಟು ಉಳಿಯುತ್ತದೆ?

ಪ್ರೊಸೆಸರಿನ ಸೆಟ್ಟಿಂಗುಗಳಿಂದ ಬಹಳವೇನೂ ಇಲ್ಲ, ಮಲಗಿಸುವುದರಿಂದ ಸಾಕಷ್ಟು. ಕೆಲಸವಿಲ್ಲದೆ ಉರಿಯುವ ಡೆಸ್ಕ್‌ಟಾಪ್ ಮತ್ತು ಮಾನಿಟರ್ ಒಟ್ಟಿಗೆ 60 ವ್ಯಾಟ್ ಎಳೆಯುತ್ತವೆ ಎಂದಿಟ್ಟುಕೊಂಡರೆ 24 ಗಂಟೆಗೆ 1.44 ಯೂನಿಟ್, ತಿಂಗಳಿಗೆ 43 ಯೂನಿಟ್ ಆಗುತ್ತದೆ. ಎಂಟು ಗಂಟೆ ಮಾತ್ರ ಎಚ್ಚರವಿದ್ದು ಉಳಿದ ಹೊತ್ತು ಮಲಗಿದರೆ ಅದು 15ರ ಆಸುಪಾಸಿಗೆ ಇಳಿಯುತ್ತದೆ. 2023ರ ಜುಲೈನಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕಾದ್ದರಿಂದ, ಅಂಚಿನಲ್ಲಿರುವ ಮನೆಗೆ ಈ 28 ಯೂನಿಟ್ ಸಣ್ಣ ಮಾತಲ್ಲ. ಮಲಗಬೇಕಾದ ಯಂತ್ರ ಮಲಗದೆ ಉಳಿದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಪವರ್‌ಸಿಎಫ್‌ಜಿಯ ಮುಂದೆ ಓರೆಗೆರೆ ಮತ್ತು ರಿಕ್ವೆಸ್ಟ್ಸ್ ಎಂಬ ಪದ ಸೇರಿಸಿ. ನಿದ್ರೆಗೆ ಅಡ್ಡಿಯಾಗಿರುವ ಕಾರ್ಯಕ್ರಮದ ಅಥವಾ ಡ್ರೈವರಿನ ಹೆಸರು ಕಾಣುತ್ತದೆ. ಬ್ರೌಸರಿನಲ್ಲಿ ಓಡುತ್ತಲೇ ಉಳಿದ ಹಾಡೊಂದು ಅಪರಾಧಿಯಾಗಿರುವುದೇ ಹೆಚ್ಚು.

ವಿಂಡೋಸಿನಲ್ಲಿ ಎಲ್ಲ ಸರಿಯಿದ್ದರೂ ಸೆಟ್ಟಿಂಗು ತಾನಾಗಿಯೇ ಬದಲಾಗುತ್ತದೆ. ಯಾರು ಬದಲಿಸುತ್ತಿದ್ದಾರೆ?

ಬಹುಶಃ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ತಂತ್ರಾಂಶ. ಲೆನೊವೊ ವಾಂಟೇಜ್, ಮೈಆಸುಸ್ ಮುಂತಾದವುಗಳಲ್ಲಿ ಸದ್ದಿಲ್ಲದ, ಸಮತೋಲನದ, ವೇಗದ ಎಂಬ ಬಗೆಯ ಪ್ರತ್ಯೇಕ ಸ್ಥಿತಿಗಳಿರುತ್ತವೆ, ಅವು ಪ್ರೊಸೆಸರಿಗೆ ಕೊಡುವ ವ್ಯಾಟನ್ನೇ ನಿಯಂತ್ರಿಸುತ್ತವೆ. ಲೆನೊವೊದ ಐಡಿಯಾಪ್ಯಾಡ್ ಮತ್ತು ಲೀಜನ್ ಯಂತ್ರಗಳಲ್ಲಿ ಎಫ್‌ಎನ್ ಮತ್ತು ಕ್ಯೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಸಾಕು, ಸ್ಥಿತಿ ಬದಲಾಗುತ್ತದೆ; ಮಕ್ಕಳ ಕೈ ತಾಗಿ ಹೀಗಾಗುವುದೂ ಉಂಟು. ಅದೇ ತಂತ್ರಾಂಶಗಳಲ್ಲಿ ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಸೌಲಭ್ಯವೂ ಇರುತ್ತದೆ. ಅದು ವೇಗವನ್ನು ಕುಗ್ಗಿಸುವುದಿಲ್ಲ, ಬ್ಯಾಟರಿಯ ಬಾಳಿಕೆಗೆ ಒಳ್ಳೆಯದು.

ಲಿನಕ್ಸ್ ಮತ್ತು ಮ್ಯಾಕ್ ಬಳಸುವವರು ಏನು ನೋಡಬೇಕು?

ಉಬುಂಟುವಿನಲ್ಲಿ ಮೇಲಿನ ಬಲಮೂಲೆಯ ಮೆನುವಿನಲ್ಲೇ ಪವರ್ ಮೋಡ್ ಸಿಗುತ್ತದೆ. ಇಂಟೆಲ್ ಯಂತ್ರಗಳಲ್ಲಿ ಗವರ್ನರ್ (ಪ್ರೊಸೆಸರಿನ ವೇಗವನ್ನು ನಿರ್ಧರಿಸುವ ಭಾಗ) ಹೆಸರು ಪವರ್‌ಸೇವ್ ಎಂದಿದ್ದರೆ ಹೆದರಬೇಡಿ. ಅಲ್ಲಿನ ಡ್ರೈವರಿನಲ್ಲಿ ಆ ಹೆಸರಿದ್ದರೂ ವೇಗ ಅಗತ್ಯಕ್ಕೆ ತಕ್ಕಂತೆ ಏರಿಳಿಯುತ್ತದೆ. ಮ್ಯಾಕ್‌ಬುಕ್ಕಿನಲ್ಲಿ 2021ರ ಮ್ಯಾಕ್‌ಓಎಸ್ ಮಾಂಟೆರೆ ಆವೃತ್ತಿಯಿಂದ ಈಚೆಗೆ ಬ್ಯಾಟರಿ ಪುಟದಲ್ಲಿ ಲೋ ಪವರ್ ಮೋಡ್ ಇದೆ, ಅದು ಸದಾ ಚಾಲೂ ಎಂದಿಟ್ಟಿಲ್ಲವೇ ಎಂದು ಪರೀಕ್ಷಿಸಿದರೆ ಸಾಕು.

ಏನೇನೋ ಬದಲಿಸಿ ಗೋಜಲಾಗಿದೆ. ಮೊದಲಿನ ಸ್ಥಿತಿಗೆ ತರುವುದು ಹೇಗೆ?

ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಪವರ್‌ಸಿಎಫ್‌ಜಿಯ ಮುಂದೆ ಒಂದು ಜಾಗ ಬಿಟ್ಟು ಓರೆಗೆರೆ ಹಾಕಿ, ರಿಸ್ಟೋರ್, ಡಿಫಾಲ್ಟ್, ಸ್ಕೀಮ್ಸ್ ಎಂಬ ಮೂರು ಪದಗಳನ್ನು ನಡುವೆ ಜಾಗ ಬಿಡದೆ ಒಂದಾಗಿ ಬರೆದು ಎಂಟರ್ ಒತ್ತಿ. ಯಾವ ಪ್ರಶ್ನೆಯನ್ನೂ ಕೇಳದೆ ಅದು ಎಲ್ಲ ಪ್ಲಾನುಗಳನ್ನು ಮೂಲಸ್ಥಿತಿಗೆ ತರುತ್ತದೆ, ನೀವಾಗಿ ರಚಿಸಿಕೊಂಡ ಪ್ಲಾನುಗಳಿದ್ದರೆ ಅವೂ ಅಳಿಸಿಹೋಗುತ್ತವೆ. ಆದ್ದರಿಂದ ಅಡ್ವಾನ್ಸ್ಡ್ ಕಿಟಕಿಯಲ್ಲಿ ನಿಮಗೆ ಬೇಕಾದ ಅಂಕಿಗಳಿದ್ದರೆ ಮೊದಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಇಷ್ಟಾದ ಮೇಲೆ ರೀಸ್ಟಾರ್ಟ್ ಮಾಡಿ, ಟಾಸ್ಕ್ ಮ್ಯಾನೇಜರ್ ತೆರೆದು, ಮೊದಲಿನ ಜಿಪ್ ಕೆಲಸವನ್ನೇ ಮತ್ತೊಮ್ಮೆ ಮಾಡಿಸಿ ಸ್ಪೀಡ್ ಎಷ್ಟಕ್ಕೆ ಏರುತ್ತದೆ ನೋಡಿ.